ತೊಗಲಿನ ಹೆಸರು ಹೊತ್ತ ಹೊಟ್ಟು

ಸಕಲೇಶಪುರ ದಾಟಿ ಮಂಗಳೂರು ರಸ್ತೆಯಲ್ಲಿ ದೋಣಿಗಾಲಿನ ಕಡೆ ಹೊರಟರೆ ಆನೇಮಹಲ್. ಅರೇಬಿಕಾ ಕೊಯ್ಲಿನ ಕಾಲದಲ್ಲಿ ಈ ಸುತ್ತಿನ ಬೆಳೆಗಾರರು ಎದುರಾದರೆ ಒಂದೇ ವಿಚಾರಣೆ: ಈ ಸಲ ಚೆರಿಯೋ, ಪಾರ್ಚ್‌ಮೆಂಟೋ? ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದ್ದು ಚೆರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಧಾರಣೆ ಪಟ್ಟಿಯಲ್ಲಿ ಅದು ‘ಎ.ಪಿ.’ ಎಂದು ಇನ್ನಷ್ಟು ಮೊಟಕಾಗುತ್ತದೆ.

ಪಾರ್ಚ್‌ಮೆಂಟ್ ಎಂಬ ಪದದ ಮೂಲ ಒಂದು ಊರಿನ ಹೆಸರು. ಇಂದಿನ ಟರ್ಕಿಯ ಬೆರ್ಗಾಮಾ ಹಿಂದೆ ಪೆರ್ಗಮಾನ್ ಆಗಿತ್ತು. ಅಲ್ಲಿನ ದೊರೆ ಯೂಮಿನಿಸ್ ಕಟ್ಟುತ್ತಿದ್ದ ಗ್ರಂಥಾಲಯ ಕಂಡು ಈಜಿಪ್ಟಿನ ಟಾಲೆಮಿಗೆ ಹೊಟ್ಟೆಕಿಚ್ಚಾಯಿತಂತೆ. ಪಪೈರಸ್ ಹೊರಗೆ ಹೋಗದಂತೆ ತಡೆದನಂತೆ. ಆಗ ಪೆರ್ಗಮಾನಿನವರು ತೊಗಲಿನ ಮೇಲೆ ಬರೆಯುವುದನ್ನು ಕಂಡುಹಿಡಿದರಂತೆ. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟ ಕತೆ ಇದು. ಸೊಗಸಾಗಿದೆ, ಆದರೆ ಪೂರ್ತಿ ನಂಬುವಂತಿಲ್ಲ. ತೊಗಲಿನ ಮೇಲೆ ಬರೆಯುವುದು ಅದಕ್ಕೂ ಬಹಳ ಹಿಂದಿನ ರೂಢಿ. ಹೆಸರು ಮಾತ್ರ ಊರಿನದೇ ಅಂಟಿಕೊಂಡಿತು: ಲ್ಯಾಟಿನ್‌ನಲ್ಲಿ ಪೆರ್ಗಮೀನಾ, ಹಳೆಯ ಫ್ರೆಂಚಿನಲ್ಲಿ ಪಾರ್ಶಮಿನ್, ಅಲ್ಲಿಂದ ಇಂಗ್ಲಿಷಿಗೆ. 19ನೇ ಶತಮಾನದಲ್ಲಿ ಸಕಲೇಶಪುರ ಸುತ್ತಿನ ಮಂಜರಾಬಾದಿಗೆ ಬಂದ ಬಿಳಿಯ ಪ್ಲಾಂಟರ್‌ಗಳ ಇಂಗ್ಲಿಷ್ ನಮ್ಮ ಕಣಕ್ಕೂ ಇಳಿಯಿತು.

ತೊಗಲಿನ ಹೆಸರು ಕಾಫಿಗೆ ಒಪ್ಪುತ್ತದೆಯೇ? ನೋಟಕ್ಕೆ ಒಪ್ಪುತ್ತದೆ. ಒಣಗಿದ ಬೀಜವನ್ನು ಉಗುರಿನಿಂದ ಸೀಳಿದರೆ ಹೊಂಬಣ್ಣದ ಗರಿಗರಿ ಹೊದಿಕೆ ಟಪ್ಪೆಂದು ಬಿಚ್ಚುತ್ತದೆ. ಅದೇ ಪಾರ್ಚ್‌ಮೆಂಟ್. ಒಳಗೆ ಬೀಜಕ್ಕೆ ಅಂಟಿದ ಬೆಳ್ಳಿಪೊರೆ ಬೇರೆ. ಹುಟ್ಟಿನಲ್ಲಿ ಮಾತ್ರ ತೊಗಲಿಗೂ ಈ ಹೊದಿಕೆಗೂ ನಂಟಿಲ್ಲ. ಬರೆಯುವ ಪಾರ್ಚ್‌ಮೆಂಟ್ ಎಂದರೆ ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ ಕುರಿ, ಮೇಕೆ, ಕರುವಿನ ಚರ್ಮ. ಅದು ಕೊಲಾಜೆನ್ ಎಂಬ ಪ್ರೋಟೀನು. ಕಾಫಿಯದು ಸೆಲ್ಯುಲೋಸ್, ಲಿಗ್ನಿನ್ ತುಂಬಿದ ಗಟ್ಟಿ ಕೋಶಗಳ ಪದರ, ಹಣ್ಣಿನ ಗೋಡೆಯ ಒಳಭಾಗ. ಮಾವಿನಲ್ಲಿ ಗೊರಟಿನ ಚಿಪ್ಪಾಗಿರುವುದೂ ಇದೇ ಭಾಗ.

ಈ ಪದರ ಗಟ್ಟಿಯಾಗಿರುವುದರಿಂದಲೇ ತೊಟ್ಟಿಯಲ್ಲಿ ಲೋಳೆ ಕಳೆಯುವ ಕೆಲಸ ಸಾಧ್ಯ. ಪಲ್ಪರ್‌ನಿಂದ ಬಂದ ಬೀಜವನ್ನು ರಾಶಿ ಹಾಕಿದಾಗ ಕಿಣ್ವಗಳೂ ಸೂಕ್ಷ್ಮಜೀವಿಗಳೂ ಲೋಳೆಯ ಪೆಕ್ಟಿನ್ ಕರಗಿಸುತ್ತವೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ. ಚಳಿ ಹೆಚ್ಚಿದರೆ ಇನ್ನೂ ತಡ. ಹಿಡಿಯಲ್ಲಿ ಹಿಸುಕಿದಾಗ ಜಾರದೆ ಕಲ್ಲಿನಂತೆ ಕರಕರ ಎಂದರೆ ತೊಳೆಯಲು ಹದ. ಇಷ್ಟೆಲ್ಲ ನಡೆದರೂ ಒಳಗಿನ ಬೀಜಕ್ಕೆ ಗಾಯವಾಗದಂತೆ ಕಾಯುವುದು ಈ ಹೊದಿಕೆ. ನರ್ಸರಿಯಲ್ಲಿ ಬಿತ್ತುವುದೂ ಇದರ ಸಮೇತವೇ. ಮೊಳಕೆಯ ಕಾಂಡ ಬೀಜವನ್ನು ಮಣ್ಣಿನಿಂದ ಮೇಲೆತ್ತುವಾಗ ಹೊದಿಕೆ ತಲೆಯ ಮೇಲೇ ಕೂತಿರುತ್ತದೆ. ಆ ಹಂತಕ್ಕೆ ‘ಟೋಪಿ’ ಎಂದೇ ಹೆಸರು.

ಕೊನೆಗೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮಾರುವ ಬೀಜದ ಈ ಹೊದಿಕೆಯನ್ನು ಸುಲಿದು ಹಾಕುತ್ತಾರೆ. 50 ಕೆ.ಜಿ. ಅರೇಬಿಕಾ ಪಾರ್ಚ್‌ಮೆಂಟಿನಲ್ಲಿ ಬೀಜ ಸಿಗುವುದು ಸುಮಾರು 40 ಕೆ.ಜಿ.; ಮಿಕ್ಕಿದ್ದರಲ್ಲಿ ಬಹುಪಾಲು ಉರಿಸಲು ಹೋಗುವ ಹೊಟ್ಟು.