ಯುಗಾದಿ ಹೊತ್ತಿಗೆ ಬೆಟ್ಟದ ಹಾದಿ

ಮಳೆಗಾಲದ ಚಾರಣವೆಂದರೆ ಎಲ್ಲರೂ ಸಿದ್ಧರಾಗಿಯೇ ಹೊರಡುತ್ತಾರೆ. ಜಿಗಣೆಗೆ ಉಪ್ಪು, ಜಾರಿಕೆಗೆ ಒಳ್ಳೆಯ ಬೂಟು, ಮಳೆಗೆ ರೇನ್‌ಕೋಟು. ಫಾಲ್ಗುಣ, ಚೈತ್ರದ ಬೆಟ್ಟಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಸರಿಲ್ಲ, ಮಂಜಿಲ್ಲ, ಬೆಂಗಳೂರಿನಿಂದ ಒಂದೂವರೆ ಎರಡು ಗಂಟೆಯ ದಾರಿ, ಸಣ್ಣ ಗುಡ್ಡ. ಚಪ್ಪಲಿಯಲ್ಲೇ ಹತ್ತಿಬಿಡುವವರೂ ಇದ್ದಾರೆ. ನನ್ನನ್ನು ಕೇಳಿದರೆ, ನಮ್ಮ ಬಯಲುಸೀಮೆಯ ಬೆಟ್ಟಗಳು ಆಷಾಢಕ್ಕಿಂತ ಹೆಚ್ಚು ಎಚ್ಚರ ಬೇಡುವುದು ಈ ಒಣ ದಿನಗಳಲ್ಲೇ.

ಮಾಗಡಿ ಬಳಿಯ ಸಾವನದುರ್ಗವನ್ನೇ ನೋಡಿ. ಸಮುದ್ರಮಟ್ಟದಿಂದ 1,226 ಮೀಟರ್. ಬುಡದಲ್ಲಿ ವೀರಭದ್ರ, ನರಸಿಂಹ ಸ್ವಾಮಿಯರ ಗುಡಿಗಳು, ಮೇಲೆ ಕೋಟೆಯ ಗೋಡೆಗಳು, ತುತ್ತತುದಿಯಲ್ಲಿ ನಂದಿ. 1791ರಲ್ಲಿ ಕಾರ್ನ್‌ವಾಲಿಸ್‌ನ ಪಡೆ ಟಿಪ್ಪುವಿನ ಕೈಯಿಂದ ಈ ಕೋಟೆಯನ್ನು ಕಿತ್ತುಕೊಂಡದ್ದು ಡಿಸೆಂಬರ್‌ನಲ್ಲಿ. ಹತ್ತುವ ಮಟ್ಟಿಗೆ ಅದು ಒಳ್ಳೆಯ ತಿಂಗಳೇ. ಮಾರ್ಚ್ ಬಂತೆಂದರೆ ಅದೇ ಬಂಡೆಯ ಸ್ವಭಾವ ಬದಲಾಗುತ್ತದೆ.

ಇಲ್ಲಿರುವುದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರು ಹೊತ್ತ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಹಗಲಿನ ಕಾವಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗಿ ಇದರ ಮೈ ಪದರ ಪದರವಾಗಿ ಏಳುತ್ತದೆ. ಎದ್ದ ಚಕ್ಕೆಗಳು ಪುಡಿಯಾಗಿ ಗರಸಾಗುತ್ತವೆ. ಮಳೆಗಾಲದಲ್ಲಿ ನೀರು ಈ ಗರಸನ್ನು ತೊಳೆದುಕೊಂಡು ಹೋಗುತ್ತದೆ. ಮಳೆ ನಿಂತು ತಿಂಗಳುಗಳು ಕಳೆದ ಮೇಲೆ ಅದು ಇದ್ದಲ್ಲೇ ಕೂತಿರುತ್ತದೆ. ಇಳಿಜಾರಿನ ಬಂಡೆಯ ಮೇಲೆ ಹರಡಿದ ಗರಸೆಂದರೆ ಸಿಮೆಂಟು ನೆಲದ ಮೇಲೆ ಚೆಲ್ಲಿದ ರಾಗಿ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಕಾಲು ತಾನಾಗಿ ಮುಂದೆ ಓಡುತ್ತದೆ. ಗರಸು ಬಿಟ್ಟು ಬೋಳು ಬಂಡೆಯ ಮೇಲೇ ಪಾದ ಊರಬೇಕು, ಹೆಜ್ಜೆ ಚಿಕ್ಕದಿರಬೇಕು. ಅಡಿ ಸವೆದ ಬೂಟಿನ ಆಸೆ ಬಿಡಬೇಕು.

ಬಂಡೆಯ ಮೇಲೆ ಉದ್ದುದ್ದಕ್ಕೆ ಕಪ್ಪು ಪಟ್ಟೆಗಳನ್ನು ನೀವು ನೋಡಿರಬಹುದು. ಮಳೆನೀರು ಹರಿದ ಜಾಡಿನಲ್ಲಿ ಬೆಳೆದ ಪಾಚಿಯಂಥ ಸೂಕ್ಷ್ಮಜೀವಿಗಳ ಪದರವದು. ಒಣಗಿದ್ದಾಗ ಅದರ ಮೇಲೆ ಕಾಲು ಚೆನ್ನಾಗಿ ನಿಲ್ಲುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ನಿಲ್ಲುವುದೇ ಕಷ್ಟ. ಆ ನಾಲ್ಕು ಹನಿ ಬೀಳುವ ಕಾಲವೂ ಇದೇ. ಏಪ್ರಿಲ್ ನಡುವಿಗೆ ಅಶ್ವಿನಿ, ಅದರ ಹಿಂದೆಯೇ ಭರಣಿ. ಮಧ್ಯಾಹ್ನದವರೆಗೆ ಆಕಾಶದಲ್ಲಿ ಏನೂ ಇರುವುದಿಲ್ಲ, ಮೂರು ಗಂಟೆಗೆ ಮೋಡ ಕಟ್ಟಿ ಗುಡುಗಲು ಶುರು. ಬೋಳು ಬಂಡೆಯ ನೆತ್ತಿಯ ಮೇಲೆ ಸಿಡಿಲಿಗೆ ನೀವೇ ಎಲ್ಲಕ್ಕಿಂತ ಎತ್ತರದ ವಸ್ತು. ಹೀಗಾಗಿ ಬೆಳಗ್ಗೆ ಗೇಟು ತೆಗೆಯುತ್ತಲೇ ಹತ್ತಿ, ಬಂಡೆ ಕಾಯುವ ಮೊದಲೇ ಇಳಿದುಬಿಡುವುದು ವಾಸಿ. ಎಂಟೂವರೆಯ ಹೊತ್ತಿಗೇ ಅಂಗೈ ಊರಿ ನೋಡಿ, ಕಾವು ತಿಳಿಯುತ್ತದೆ.

ಇಷ್ಟೆಲ್ಲ ಹೆದರಿಸಿದ ಮೇಲೆ ಹೋಗುವುದಾದರೂ ಏಕೆ ಎನ್ನಬೇಡಿ. ಎಲೆ ಉದುರಿಸಿ ಬರಿದಾದ ಕೊಂಬೆಗಳಲ್ಲಿ ಮುತ್ತುಗ ಹೂ ಬಿಟ್ಟಿರುತ್ತದೆ. ಊರಂಚಿನ ಹೊಂಗೆ ಹೊಸ ಎಲೆ ತೊಟ್ಟಿರುತ್ತದೆ. ಬಂಡೆ ಓತಿಗಳಲ್ಲಿ ಗಂಡು ಕೆಂಪೇರಿ ಕತ್ತು ಕುಣಿಸುತ್ತಾ ಕೂತಿರುತ್ತದೆ, ಬೂದುಬಣ್ಣದ ಹೆಣ್ಣು ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ. ಗಾಳಿ ತಿಳಿಯಾಗಿದ್ದರೆ ಮಂಚನಬೆಲೆ ಜಲಾಶಯದ ನೀರು ಮೇಲಿನಿಂದ ಕಾಣುತ್ತದೆ. ಬೆಟ್ಟದ ಮೇಲಿನ ದೊಣೆಗಳಲ್ಲಿ ಮಾತ್ರ ನೀರು ತಳ ಕಂಡು ಹಸಿರುಗಟ್ಟಿರುತ್ತದೆ. ಅದು ಹಕ್ಕಿಗಳ ಪಾಲು. ನಿಮ್ಮ ನೀರು ನೀವೇ ಹೊತ್ತೊಯ್ಯಿರಿ, ತಲೆಗೆ ಎರಡು ಲೀಟರ್‌ಗೆ ಕಡಿಮೆಯಿಲ್ಲದಂತೆ. ಹೂವಿನ ಕಾಲವಾದ್ದರಿಂದ ಬಂಡೆಯ ಚಾಚುಗಳ ಅಡಿಯಲ್ಲಿ ಹೆಜ್ಜೇನು ಹುಟ್ಟು ಕಟ್ಟಿರುವುದೂ ಉಂಟು. ಹೊಗೆ, ಕಿರುಚಾಟ, ಘಾಟು ಸೆಂಟು ಇವಕ್ಕಾಗದು. ಎದ್ದವೆಂದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಕಾಲಡಿ ನೋಡಿಕೊಂಡೇ ಆದಷ್ಟು ದೂರ ಸರಿಯಬೇಕು.

ಆದರೆ ಬಂಡೆ, ಬಿಸಿಲು, ಜೇನು ಇವೆಲ್ಲಕ್ಕಿಂತ ದೊಡ್ಡದು ಬೆಂಕಿ. ಮಳೆಗಾಲದಲ್ಲಿ ಫೋಟೊ ತೆಗೆದುಕೊಂಡ ಅದೇ ಹಸಿರು ಹುಲ್ಲು ಫೆಬ್ರುವರಿಗೆ ಎದೆಯೆತ್ತರ ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು. ಬೆಂಕಿಯ ಝಳ ಮೇಲಿನ ಹುಲ್ಲನ್ನು ಮುಂಚೆಯೇ ಕಾಯಿಸಿ ಒಣಗಿಸಿಬಿಡುವುದರಿಂದ ಅದು ಏರಿನಲ್ಲಿ ಮನುಷ್ಯನಿಗಿಂತ ಬೇಗ ಓಡುತ್ತದೆ. ಇಳಿಜಾರು 10 ಡಿಗ್ರಿ ಕಡಿದಾದರೆ ವೇಗ ಹೆಚ್ಚುಕಡಿಮೆ ಇಮ್ಮಡಿ ಎನ್ನುವುದು ಕಾಡ್ಗಿಚ್ಚು ತಜ್ಞರ ಲೆಕ್ಕ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಇಂಥದೇ ಒಣಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. ಸತ್ತವರು 20ಕ್ಕೂ ಹೆಚ್ಚು. ಮರುವರ್ಷದ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟಿತು. ಬೆಂಕಿ ಕಂಡರೆ ಮೇಲಕ್ಕೆ ಓಡುವುದು ಎಲ್ಲರಿಗೂ ಬರುವ ಬುದ್ಧಿ, ಆದರೆ ಅದೇ ತಪ್ಪು. ಪಕ್ಕಕ್ಕೆ ಸರಿದು ಬೋಳು ಬಂಡೆಯನ್ನೋ ಆಗಲೇ ಸುಟ್ಟು ತಣ್ಣಗಾದ ನೆಲವನ್ನೋ ಸೇರಬೇಕು.

ಕುಮಾರ ಪರ್ವತದಂಥ ಹುಲ್ಲುಗಾವಲಿನ ಹಾದಿಗಳನ್ನು ಅರಣ್ಯ ಇಲಾಖೆ ಫೆಬ್ರುವರಿ ಹೊತ್ತಿಗೆ ಮುಚ್ಚುವುದಕ್ಕೆ ಇದೇ ಕಾರಣ. ಇದರ ಬಗ್ಗೆ ಪ್ರತಿವರ್ಷ ಗೊಣಗಾಟ ಇದ್ದೇ ಇದೆ. ಇಲಾಖೆಯ ಮೇಲೆ ಗೊಣಗಲು ಬೇರೆ ವಿಷಯಗಳು ಬೇಕಾದಷ್ಟಿವೆ, ಇದೊಂದನ್ನು ಬಿಡೋಣ. ಕೈಬೆರಳೆಣಿಕೆಯ ಕಾವಲುಗಾರರು ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ಜಾಗದಲ್ಲಿ ನೂರಾರು ಜನ ಚಾರಣಿಗರನ್ನು ಹುಡುಕಿ ಇಳಿಸುವುದು ಆಗದ ಮಾತು.

ಹಾಗಾಗಿ ಯುಗಾದಿಯ ಆಸುಪಾಸಿನಲ್ಲಿ ಹೊರಡುವುದಿದ್ದರೆ ಹುಲ್ಲಿನ ಬೆಟ್ಟ ಬಿಟ್ಟು ಬಂಡೆಯ ಬೆಟ್ಟ ಆರಿಸಿಕೊಳ್ಳಿ, ಪ್ರವೇಶ ಇದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ, ಬೆಂಕಿಪೊಟ್ಟಣ, ಲೈಟರು ಕಾರಿನಲ್ಲೂ ಬೇಡ, ಮನೆಯಲ್ಲೇ ಬಿಡಿ. ಗೇಟು ಮುಚ್ಚಿದ್ದರೆ, ಇನ್ನೂರು ರೂಪಾಯಿ ಕೊಡಿ, ಹಿಂದಿನ ದಾರಿಯಲ್ಲಿ ಕರೆದೊಯ್ಯುತ್ತೇನೆ ಎನ್ನುವವರೂ ಸಿಗುತ್ತಾರೆ. ಅವರ ಹಿಂದೆ ದಯವಿಟ್ಟು ಹೋಗಬೇಡಿ.