ಕವಾಟದಲ್ಲಿ ಅಡಗಿದ ಕಿಚ್ಚು

ಕವಾಟವೆಂದರೆ ಬಾಗಿಲು. ನಮ್ಮ ಹೃದಯದಲ್ಲಿ ಅಂಥ ಬಾಗಿಲುಗಳು ನಾಲ್ಕು. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವುದು ಅವುಗಳ ಕೆಲಸ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಈ ಕದಗಳಿಗೂ ಸೋಂಕು ತಗಲುತ್ತದೆಂಬುದು ನನ್ನಂಥ ಸಾಹಿತ್ಯದ ಮೇಷ್ಟರಿಗೆ ತಿಳಿದದ್ದು ಮಿತ್ರರೊಬ್ಬರ ಕಾಯಿಲೆಯಿಂದ.

ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರ ಅವರ ಕವಾಟವೊಂದನ್ನು ಕೆಡಿಸಿತ್ತು. 2011ರಲ್ಲಿ ಅದರ ಸ್ಥಾನದಲ್ಲಿ ಕೃತಕ ಕವಾಟವನ್ನು ಜೋಡಿಸಿದರು. 2022ರ ಮಳೆಗಾಲದಲ್ಲಿ ಸಂಜೆಯಾದರೆ ಸಣ್ಣಗೆ ಜ್ವರ ಬರತೊಡಗಿತು. ರಾತ್ರಿ ಬೆವರು, ಅನ್ನ ಸೇರದು. ಟೈಫಾಯಿಡ್ ಇರಬಹುದೆಂದು ಯಾರೋ ಕೊಟ್ಟ ಮಾತ್ರೆಗಳನ್ನು ನುಂಗಿದ್ದರು. ಆ ಮಾತ್ರೆಗಳ ದೆಸೆಯಿಂದಲೇ ಇರಬೇಕು, ಮುಂದೆ ರಕ್ತಪರೀಕ್ಷೆಯಲ್ಲಿ ಯಾವ ಜೀವಾಣುವೂ ಬೆಳೆಯಲಿಲ್ಲ.

ಬಾಯಿಯಿಂದಲೋ ಚರ್ಮದ ಗಾಯದಿಂದಲೋ ರಕ್ತಕ್ಕೆ ಇಳಿದ ಜೀವಾಣುಗಳು ಒರಟಾದ ಕವಾಟದ ಮೇಲೋ ಕೃತಕ ಕವಾಟದ ಹೊಲಿಗೆಯಲ್ಲೋ ನೆಲೆಯೂರಿ, ಹೆಪ್ಪಿನ ಮರೆಯಲ್ಲಿ ಬೆಳೆಯುತ್ತವೆ. ಆ ಹೆಪ್ಪಿನ ಚೂರೊಂದು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. 1885ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟ ವಿಲಿಯಂ ಆಸ್ಲರ್, ಇದನ್ನು ಗುರುತಿಸುವುದರಷ್ಟು ಕಷ್ಟ ಬೇರೆ ರೋಗಗಳಲ್ಲಿ ವಿರಳವೆಂದು ಎಚ್ಚರಿಸಿದ್ದ. ಅಲ್ಪಪ್ರಾಣದ ‘ನಿದಾನ’ವನ್ನು ಮಹಾಪ್ರಾಣದ ‘ನಿಧಾನ’ವಾಗಿ ಬರೆಯುವ ವಿದ್ಯಾರ್ಥಿಗಳನ್ನು ನಾನು ಮೂವತ್ತು ವರ್ಷ ತಿದ್ದಿದವನು, ಈ ರೋಗದ ಮಟ್ಟಿಗೆ ಎರಡೂ ಒಂದೇ ಎಂದು ಈಗ ತೋರುತ್ತದೆ.

ಸಂಗೀತಕಾರ ಗುಸ್ತಾವ್ ಮಾಲರ್ ತೀರಿಕೊಂಡದ್ದೂ ಇದರಿಂದಲೇ. 1911ರಲ್ಲಿ ನ್ಯೂಯಾರ್ಕಿನ ವೈದ್ಯರು ಅವನ ರಕ್ತದಲ್ಲಿ ಜೀವಾಣುಗಳನ್ನು ಬೆಳೆಸಿ ರೋಗವನ್ನು ಖಚಿತಪಡಿಸಿದರು. ಔಷಧವಿರಲಿಲ್ಲ. ಮೇ 18ರಂದು ವಿಯೆನ್ನಾದಲ್ಲಿ ಅವನ ಪ್ರಾಣ ಹೋಯಿತು. ನನ್ನ ಮಿತ್ರರ ಪಾಡು ಅದಕ್ಕೆ ತಿರುಗುಮುರುಗು: ಔಷಧವಿತ್ತು, ಖಚಿತತೆ ಇರಲಿಲ್ಲ. ಸೋಂಕು ಇದ್ದರೆ ಆರು ವಾರ ರಕ್ತನಾಳದ ಮೂಲಕ ಮದ್ದು, ಪ್ರಾಯಶಃ ಎದೆಯನ್ನು ಎರಡನೆಯ ಸಲ ತೆರೆಯಬೇಕು. ಇಲ್ಲದಿದ್ದರೆ ತೆರೆಯುವುದೇ ಅಪಾಯ.

ಹೃದಯವನ್ನು ಶಬ್ದದ ಅಲೆಗಳಿಂದ ನೋಡುವ ಎಕೋ ಪರೀಕ್ಷೆಯೇ ಇಲ್ಲಿ ಮೊದಲ ಸಾಕ್ಷಿ. ಆದರೆ ಕೃತಕ ಕವಾಟ ಆ ಅಲೆಗಳನ್ನು ತಡೆದು ತನ್ನ ಹಿಂದೆ ನೆರಳು ಚೆಲ್ಲುತ್ತದೆ. ಕಳ್ಳ ಅಡಗಿರುವುದು ಆ ನೆರಳಿನಲ್ಲೇ ಆಗಿದ್ದರೆ? ಆಗ ಆಕಾರವನ್ನು ಬಿಟ್ಟು ಚಟುವಟಿಕೆಯನ್ನು ಹುಡುಕಬೇಕಾಗುತ್ತದೆ. ಪೆಟ್ ಎಂಬ ಪರೀಕ್ಷೆ ಮಾಡುವುದು ಅದನ್ನೇ.

ಅಣುವಿಜ್ಞಾನವೆಂದೊಡನೆ ನಮಗೆ ಹಿರೋಶಿಮಾ ನೆನಪಾಗುತ್ತದೆ. ಇಲ್ಲಿ ಬಳಸುವುದು ತುಸುವೇ ತುಸು ಸಕ್ಕರೆ. ಅದಕ್ಕೆ ಅಂಟಿಸಿದ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಸುಮಾರು 110 ನಿಮಿಷಗಳಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಸೋಂಕಿದ್ದೆಡೆ ದಂಡೆತ್ತಿ ಬಂದ ಬಿಳಿಯ ರಕ್ತಕಣಗಳಿಗೆ ಹಸಿವು ಹೆಚ್ಚು. ಅವು ಈ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅದು ಅಲ್ಲಿಯೇ ಸಿಕ್ಕಿಬೀಳುತ್ತದೆ. ಅದರಿಂದ ಹೊಮ್ಮುವ ಪಾಸಿಟ್ರಾನು ನೆರೆಯ ಎಲೆಕ್ಟ್ರಾನನ್ನು ಸಂಧಿಸಿ ಎರಡೂ ಅಳಿಯುತ್ತವೆ. ಎರಡು ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ರೋಗಿಯ ಸುತ್ತಲಿನ ಯಂತ್ರದ ಬಳೆ ಆ ಜೋಡಿಗಳನ್ನು ಹಿಡಿದು, ಹೊರಟ ಜಾಗವನ್ನು ಲೆಕ್ಕಹಾಕುತ್ತದೆ. ಜೊತೆಯಲ್ಲೇ ತೆಗೆದ ಸಿ.ಟಿ. ಚಿತ್ರ ಅದು ಯಾವ ಅಂಗವೆಂದು ತಿಳಿಸುತ್ತದೆ.

ತೊಡಕೊಂದಿದೆ. ಹೃದಯದ ಸ್ನಾಯುವೂ ಸಕ್ಕರೆ ತಿನ್ನುತ್ತದೆ. ಅದೇ ಬೆಳಗಿದರೆ ಕವಾಟದ ಕಿಡಿ ಕಾಣುವುದೆಂತು? ಆದ್ದರಿಂದ ಹಿಂದಿನ ದಿನ ಅನ್ನ, ಮುದ್ದೆ, ಸಿಹಿ ಎಲ್ಲಕ್ಕೂ ನಿಷೇಧ. ಕೊಬ್ಬಿನ ಆಹಾರ, ಬಳಿಕ ದೀರ್ಘ ಉಪವಾಸ. ಆಗ ಸ್ನಾಯು ಸಕ್ಕರೆ ಬಿಟ್ಟು ಕೊಬ್ಬಿಗೆ ಒಗ್ಗುತ್ತದೆ. ನಮ್ಮವರು ಪನೀರು, ಮೊಟ್ಟೆ ತಿಂದು ಹೇಗೋ ದಿನ ನೂಕಿದರು. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಸಕ್ಕರೆ ಹಾಕಿದ ಕಾಫಿ ಕುಡಿದುಬಿಟ್ಟರು! ಪರೀಕ್ಷೆ ಎರಡು ದಿನ ಮುಂದಕ್ಕೆ ಹೋಯಿತು. ಜ್ವರದಲ್ಲಿದ್ದವರಿಗೆ ಆ ಎರಡು ದಿನ ಸಣ್ಣದಲ್ಲ.

ಕೊನೆಗೆ ದೊರೆತ ಚಿತ್ರದಲ್ಲಿ ಕವಾಟದ ಅಂಚಿನ ಒಂದು ಪಾರ್ಶ್ವ ಉಜ್ವಲವಾಗಿತ್ತು. “ಇದೇ ಏನು ಜೀವಾಣು?” ಎಂದು ಕೇಳಿದೆ. “ಅಲ್ಲ ಸಾರ್, ಅದರೊಡನೆ ದೇಹ ಹೂಡಿರುವ ಯುದ್ಧ,” ಎಂದರು ವೈದ್ಯರು. ಈ ಭೇದ ಮುಖ್ಯ. ಹೊಸದಾಗಿ ಹೊಲಿದ ಗಾಯ ಮಾಯುವಾಗಲೂ ಹೀಗೆಯೇ ಬೆಳಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳ ಚಿತ್ರವನ್ನು ಎಚ್ಚರದಿಂದ ಓದಬೇಕು. ಹುಟ್ಟುಕವಾಟದ ಸಣ್ಣ ಸೋಂಕು ಕಣ್ಣಿಗೆ ಬೀಳದೆಯೂ ಹೋಗಬಹುದು. ಸಂದೇಹ ಉಳಿದಾಗ ರೋಗಿಯದೇ ಬಿಳಿಯ ಕಣಗಳನ್ನು ಬೇರ್ಪಡಿಸಿ, ಟೆಕ್ನೀಷಿಯಮ್‌ನಂಥ ವಿಕಿರಣಶೀಲ ಧಾತುವಿನಿಂದ ಗುರುತುಮಾಡಿ ಮರಳಿ ದೇಹಕ್ಕೆ ಸೇರಿಸಿ, ಅವು ಎಲ್ಲಿ ನೆರೆಯುತ್ತವೆಂದು ಗಂಟೆಗಟ್ಟಲೆ ಕಾದು ನೋಡುವ ವಿಧಾನವೂ ಇದೆ. ಅದರ ಸಾಕ್ಷ್ಯ ಹೆಚ್ಚು ನಿಷ್ಠುರ, ಶ್ರಮವೂ ಹೆಚ್ಚು.

ಯುರೋಪಿನ ಹೃದ್ರೋಗ ತಜ್ಞರ ಸಂಘ ಕೃತಕ ಕವಾಟದ ಸೋಂಕಿಗೆ ಈ ಚಿತ್ರಗಳನ್ನು 2015ರಲ್ಲಿ ಪ್ರಮಾಣವಾಗಿ ಅಂಗೀಕರಿಸಿತು. 2023ರಲ್ಲಿ ಪರಿಷ್ಕೃತವಾದ ಡ್ಯೂಕ್ ಸೂತ್ರಗಳೂ ಪೆಟ್ ಚಿತ್ರವನ್ನು ಮುಖ್ಯ ಸಾಕ್ಷಿಗಳ ಸಾಲಿಗೆ ಸೇರಿಸಿವೆ.

ಮಿತ್ರರ ಎದೆಯನ್ನು ಮತ್ತೆ ತೆರೆದರು. ಚಿತ್ರ ತೋರಿದ ಅಂಚಿನಲ್ಲಿಯೇ ಕೀವು ಕಟ್ಟಿತ್ತು. ಈಗ ಅವರು ಹಲ್ಲಿನ ವೈದ್ಯರ ಬಳಿಗೆ ಹೋದಾಗಲೆಲ್ಲ, ಕುರ್ಚಿಯಲ್ಲಿ ಕೂರುವ ಮುಂಚೆಯೇ ತಮ್ಮ ಕವಾಟದ ಸಂಗತಿ ತಿಳಿಸಿ, ಮೊದಲೇ ನುಂಗಬೇಕಾದ ಮಾತ್ರೆ ಯಾವುದೆಂದು ಕೇಳುತ್ತಾರೆ.