ಕೊಬ್ಬರಿ ಅಟ್ಟದ ಶುಚಿ ಮತ್ತು ದುರಸ್ತಿ: ಬಲ್ಲವರನ್ನೇ ಕರೆಯಿರಿ



ಕಾಫಿ ಬೆಳೆಯುವ ನಮ್ಮ ಸದಸ್ಯರಿಗೆ ಕಣ ಹೇಗೋ, ನೊಣವಿನಕೆರೆ ಸುತ್ತಿನ ತೆಂಗು-ಅಡಿಕೆ ಬೆಳೆಗಾರರಿಗೆ ಅಟ್ಟ ಹಾಗೆ. ವರ್ಷದ ದುಡಿಮೆಯೆಲ್ಲ ಅಲ್ಲಿ ಕೂತಿರುತ್ತದೆ. ಆದರೂ ತೋಟಕ್ಕೆ ಗೊಬ್ಬರ ಹಾಕಿಸುವಾಗ ನಾಲ್ಕು ಜನರನ್ನು ವಿಚಾರಿಸುವ ನಾವು, ಅಟ್ಟ ಗುಡಿಸಿ ರಿಪೇರಿ ಮಾಡಿಸುವಾಗ ಮಾತ್ರ ಯಾರು ಕಡಿಮೆಗೆ ಒಪ್ಪುತ್ತಾರೋ ಅವರನ್ನು ಹತ್ತಿಸಿಬಿಡುತ್ತೇವೆ. ಈ ಲೇಖನ ಅದರ ಬಗ್ಗೆ.

ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿಸಿದ್ದಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಇಡಿಯಾಗಿ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಂಡು ಉರುಳಿದ ಸದ್ದು ಬರುತ್ತದೆ. ಇದಕ್ಕೆ ಬೇಕಾದದ್ದು ಕೆಳಗಿನಿಂದ ಮೇಲಕ್ಕೆ ಸದಾ ಆಡುವ ಗಾಳಿ. ಅದಕ್ಕಾಗಿಯೇ ಹಿರಿಯರು ಜಂತೆಗಳ ಮೇಲೆ ಅಡಿಕೆ ದಬ್ಬೆಗಳನ್ನು ಸಂದು ಬಿಟ್ಟು ಹಾಸುತ್ತಿದ್ದರು. ವರ್ಷ ಕಳೆದಂತೆ ನಾರು, ಧೂಳು, ಇಲಿ ಹಿಕ್ಕೆ ಸೇರಿ ಆ ಸಂದುಗಳು ಮುಚ್ಚಿಹೋಗುತ್ತವೆ. ಗಾಳಿ ನಿಂತ ಕಡೆ ಬೂಷ್ಟು, ಬೂಷ್ಟು ಬಂದ ಕಡೆ ಹುಳು. ಒಂದು ಹೆಂಚು ಸರಿದು ಮಳೆನೀರು ತೊಟ್ಟಿಕ್ಕಿದರೆ ಅದರ ಕೆಳಗಿನ ಕಾಯಿಯ ರಾಶಿಯೇ ಕೆಡುತ್ತದೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತ್ತು. ಆದರೆ ಆ ಬೆಲೆ ಗುಣಮಟ್ಟದ ಮಾಲಿಗೆ, ಬೂಷ್ಟು ಹಿಡಿದ ಕೊಬ್ಬರಿಗಲ್ಲ.

ಇದು ಮಾಲಿನ ಮಾತಾಯಿತು. ಜೀವದ ಮಾತು ಇನ್ನೂ ದೊಡ್ಡದು. ಕಾಯಿಯೊಂದು ಒಂದೇ ಕೆ.ಜಿ. ಎಂದು ಲೆಕ್ಕ ಹಿಡಿದರೂ 10,000 ಕಾಯಿ ತುಂಬಿದ ಅಟ್ಟದ ಮೇಲೆ 10 ಟನ್ ಭಾರ ಕೂತಿರುತ್ತದೆ. ಕೆಳಗೆ ದನ ಕಟ್ಟಿರುತ್ತೇವೆ. ಎಷ್ಟೋ ಮನೆಗಳಲ್ಲಿ ಜನರೇ ಮಲಗಿರುತ್ತಾರೆ.

2014ರಲ್ಲಿ ನಮ್ಮ ಮನೆಯಲ್ಲೇ ನಡೆದದ್ದನ್ನು ಮುಚ್ಚಿಡುವುದಿಲ್ಲ. ನಮ್ಮ ಊರಿನ ಆಚಾರ್ರು ಅಟ್ಟ ನೋಡಿ, "ಎರಡು ಜಂತೆ ಬದಲಾಯಿಸಬೇಕು ಸ್ವಾಮಿ, ನಾಲ್ಕು ದಿನದ ಕೆಲಸ ಐತೆ" ಎಂದಿದ್ದರು. ನನಗೆ ದುಬಾರಿಯೆನಿಸಿತು. ಹೊರಗಿನಿಂದ ಬಂದ ಒಂದು ತಂಡ ಒಂದೇ ದಿನದಲ್ಲಿ ಗುತ್ತಿಗೆಗೆ ಮಾಡಿಕೊಡುತ್ತೇವೆಂದಿತು, ಒಪ್ಪಿದೆ. ಅವರು ಗುಡಿಸಿ, ನೀರು ಹೊಡೆದು ತೊಳೆದು, ಮುರಿದ ದಬ್ಬೆಗಳ ಮೇಲೆ ಹೊಸ ದಬ್ಬೆ ಹೊಡೆದು ಹೋದರು. ನೋಡಲು ಹೊಸದರಂತೆ ಇತ್ತು. ಶ್ರಾವಣದಲ್ಲಿ ಕಾಯಿ ತಿರುವಿ ಹಾಕಲು ಹತ್ತಿದ ನಮ್ಮ ಆಳು ಜಂತೆ ಮುರಿದು ಕೆಳಕ್ಕೆ ಬಿದ್ದ. ತೊಡೆಯ ಮೂಳೆ ಮುರಿಯಿತು, ಆರು ತಿಂಗಳು ಕೆಲಸವಿಲ್ಲ. ಮುರಿದ ಜಂತೆಯನ್ನು ಆಚಾರ್ರಿಗೆ ತೋರಿಸಿದಾಗ ಅವರು ಏನೂ ಆಡಲಿಲ್ಲ, ಬೆರಳಲ್ಲೇ ಪುಡಿ ಮಾಡಿ ತೋರಿಸಿದರು. ಒಳಗೆಲ್ಲ ಗೆದ್ದಲು. ತಪ್ಪು ಆ ತಂಡದ್ದು ಅರ್ಧವಾದರೆ, ಉಳಿದ ಅರ್ಧ ನನ್ನದು. ಇಂದಿಗೂ ಆತ ಕುಂಟುತ್ತಲೇ ನಡೆಯುತ್ತಾನೆ.

ಆದ್ದರಿಂದ ಅಟ್ಟಕ್ಕೆ ಕೆಲಸಗಾರರನ್ನು ಕರೆಯುವ ಮುನ್ನ ಸದಸ್ಯರು ಗಮನಿಸಬೇಕಾದ ಅಂಶಗಳು ಇವು:

1. ಹಳೆಯ ಕಾಯಿ ಇಳಿದು ಹೊಸ ಕಾಯಿ ಏರುವ ನಡುವೆ, ಮಳೆಗಾಲಕ್ಕೆ ಮುಂಚೆ, ಅಟ್ಟ ಪೂರ್ತಿ ಖಾಲಿಯಿದ್ದಾಗಲೇ ಕೆಲಸ ಹಿಡಿಸಿ. ಕಾಯಿಯನ್ನು ಮೂಲೆಗೆ ತಳ್ಳಿ ರಿಪೇರಿ ಮಾಡಿಸಿದರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ.

2. ಸ್ಥಳೀಯ ಬಡಗಿಯನ್ನೇ ಕರೆಯಿರಿ. ಅವರು ಎರಡು-ಮೂರು ವರ್ಷದ ಹಿಂದೆ ಮಾಡಿದ ಅಟ್ಟವೊಂದನ್ನು ಹೋಗಿ ನೋಡಿ ಬನ್ನಿ. ಊರಿನವರಾದರೆ ನಾಳೆ ತೊಂದರೆಯಾದಾಗ ಮತ್ತೆ ಕರೆಯಬಹುದು. ಅವರಿಗೂ ಹೆಸರು ಉಳಿಸಿಕೊಳ್ಳುವ ಹಂಗಿರುತ್ತದೆ.

3. ಗುಡಿಸುವ ಕೆಲಸ ಬೇರೆ, ಮರದ ಕೆಲಸ ಬೇರೆ. ಮರದ ಕೆಲಸವನ್ನು ಒಟ್ಟು ಗುತ್ತಿಗೆಗೆ ಕೊಡದೆ ದಿನಗೂಲಿಗೆ ಕೊಡುವುದು ಮೇಲು. ಗುತ್ತಿಗೆಯವನಿಗೆ ಕೊಳೆತ ಜಂತೆ ಕಂಡರೆ ನಷ್ಟ, ಕಾಣದಿದ್ದರೆ ಲಾಭ. ಪ್ರತಿ ಜಂತೆಯನ್ನೂ ಸುತ್ತಿಗೆಯಿಂದ ತಟ್ಟಿಸಿ, ಗೋಡೆಯೊಳಕ್ಕೆ ಹೋದ ತುದಿಯನ್ನು ಮುಖ್ಯವಾಗಿ ನೋಡಿಸಿ. ಟೊಳ್ಳು ಸದ್ದು ಬಂದದ್ದನ್ನು ತೆಗೆಸಿಬಿಡಿ.

4. ನೀರು ಹಾಕಿ ತೊಳೆಸಬೇಡಿ. ಗಡಸು ಪೊರಕೆಯಿಂದ ಗುಡಿಸಿ, ಸಂದಿನ ನಾರನ್ನು ಕಡ್ಡಿಯಿಂದ ಕೆರೆದು ತೆಗೆಸಿದರೆ ಸಾಕು. ಬೂಷ್ಟಿನ ಧೂಳು ಎದೆಗೆ ಒಳ್ಳೆಯದಲ್ಲ. ಕಿಟಕಿ ತೆರೆಸಿ, ಕೆಲಸದವರ ಮೂಗು-ಬಾಯಿಗೆ ಬಟ್ಟೆ ಕಟ್ಟಿಸಿ. ಒಣ ನಾರಿನ ಮಧ್ಯೆ ಬೀಡಿ ಬೇಡ. ಸಿಪ್ಪೆ ಸುಲಿದ ವಿದ್ಯುತ್ ತಂತಿಯಿದ್ದರೆ ಮೊದಲು ಅದನ್ನು ಬದಲಾಯಿಸಿ.

5. ಹುಳುವಿಗೆಂದು ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯ ಅಟ್ಟದಲ್ಲಿ ಇಡಲೇಬೇಡಿ. ತೇವ ತಗುಲಿದರೆ ಅದರಿಂದ ಹೊರಡುವ ಫಾಸ್ಫಿನ್ ಅನಿಲ ಕೆಳಗೆ ಮಲಗಿದವರ ಪ್ರಾಣ ತೆಗೆಯಬಲ್ಲದು. ಅದು ತರಬೇತಾದ ಪರವಾನಗಿದಾರರ ಕೆಲಸ.

6. ಎಷ್ಟು ಜಂತೆ, ಎಷ್ಟು ದಬ್ಬೆ, ಸಾಮಾನು ಯಾರದು, ಕೂಲಿ ಎಷ್ಟು, ಯಾವಾಗ ಪಾವತಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ.

ಕೊನೆಯದಾಗಿ ಕೆಲಸದವರ ವಿಮೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವಯಸ್ಸಿನವರು ಬ್ಯಾಂಕ್ ಅಥವಾ ಅಂಚೆ ಉಳಿತಾಯ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಅಟ್ಟ ಹತ್ತಿಸುವ ಮುನ್ನ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ನೀವೇ ಬ್ಯಾಂಕಿಗೆ ಕರೆದೊಯ್ದು ಮಾಡಿಸಿ. ಆದರೆ ಮುರಿದ ಕಾಲಿನ ಆಸ್ಪತ್ರೆ ಖರ್ಚು ಈ ವಿಮೆಯಿಂದ ಬರುವುದಿಲ್ಲ. ಅದು ಕೆಲಸ ಕೊಟ್ಟವರ ಹೊಣೆ. ಅಟ್ಟದಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದರೆಂಬ ಗಾದೆಯಂತೆ, ಬಿದ್ದವನ ಮೇಲೆಯೇ ತಪ್ಪು ಹೊರಿಸುವುದು ನಮಗೆ ಶೋಭೆಯಲ್ಲ.

ಅಟ್ಟದ ಕೆಲಸ ಬಲ್ಲ ಬಡಗಿಗಳು ಊರೂರಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಬೆಂಗಳೂರು ಸೇರಿದ್ದಾರೆ. ವರ್ಷಕ್ಕೆ ನಾಲ್ಕು ದಿನದ ಕೆಲಸವನ್ನಾದರೂ ನಾವು ಕೊಡದಿದ್ದರೆ, ಇನ್ನು ಹತ್ತು ವರ್ಷಕ್ಕೆ ಜಂತೆ ತಟ್ಟಿ ನೋಡುವ ಕೈ ಸಿಗಲಾರದು. ತಮಗೆ ಒಳ್ಳೆಯ ಕೆಲಸ ಮಾಡಿಕೊಟ್ಟ ಸ್ಥಳೀಯರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಸದಸ್ಯರು ಸಂಘದ ಕಛೇರಿಯಲ್ಲಿ ಬರೆಸಬೇಕಾಗಿ ವಿನಂತಿ. ಅಗತ್ಯವಿದ್ದವರು ಅಲ್ಲಿ ವಿಚಾರಿಸಬಹುದು.

— ಕಾರ್ಯದರ್ಶಿ